ಒಂದು ಸಾಲಿನೊಳಗಿನ ಸ್ಪೇಟ್

ಶಿಷ್ಯೆ: ಸರ್, ಕ್ಯಾನ್‌ಬೆರಾದಲ್ಲಿ ವಿಮಾನ ಹತ್ತೋವಾಗಲೇ ಅಂದ್ಕೊಂಡಿದ್ದೆ, ಊರಿಗೆ ಬಂದ ತಕ್ಷಣ ನಿಮ್ಮನ್ನ ಇದನ್ನ ಕೇಳಬೇಕು ಅಂತ. ಬಿ.ಎ. ಎರಡನೇ ವರ್ಷದಲ್ಲಿ ನೀವು ಬರೆಸಿದ ನೋಟ್ಸ್ ನನಗೆ ಇನ್ನೂ ಬಾಯಿಪಾಠ. ನಿಯತಿವಾದ, ಸಾಧ್ಯತಾವಾದ, ಆಮೇಲೆ ‘1957, ಓ.ಎಚ್.ಕೆ. ಸ್ಪೇಟ್, ಸಂಭಾವ್ಯತಾವಾದ’. ಅಲ್ಲಿಗೆ ಅಡ್ಡಗೆರೆ ಎಳೆದು ಮುಂದಿನ ಪಾಠ. ಆ ಮನುಷ್ಯ ನಾನೀಗ ಇರೋ ಊರಲ್ಲೇ ಕಾಲು ಶತಮಾನ ಕೆಲಸ ಮಾಡಿದ್ರು ಅಂತ ಯಾಕೆ ಹೇಳ್ಲಿಲ್ಲ?

ಮೇಷ್ಟ್ರು: ಹೇಳಬೇಕಿತ್ತು ಕಣಮ್ಮ. ಆ ಸಾಲನ್ನ ಮೂವತ್ತು ವರ್ಷ ಬರೆಸಿದ್ದೀನಿ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗ್ತಿತ್ತು. ಸಿಲಬಸ್ ಮುಗಿಸೋ ಆತುರದಲ್ಲಿ, ನನಗೆ ಭೂಗೋಳ ಕಲಿಸಿದವರನ್ನೇ ಎರಡು ಅಂಕಕ್ಕೆ ಇಳಿಸಿಬಿಟ್ಟೆ. ಅದು ಈಗಲೂ ಚುಚ್ಚುತ್ತೆ.

ಶಿಷ್ಯೆ: ಕಲಿಸಿದವರು ಅಂದ್ರೆ? ನೀವು ಅವರನ್ನ ಕಂಡಿದ್ರಾ?

ಮೇಷ್ಟ್ರು: ಇಲ್ಲ, ಕಂಡಿಲ್ಲ. ಎಂ.ಎ. ಓದುವಾಗ ಲೈಬ್ರರಿಯಲ್ಲಿ ಅವರ ‘ಇಂಡಿಯಾ ಅಂಡ್ ಪಾಕಿಸ್ತಾನ್’ ಸಿಕ್ತು. 1954ರಲ್ಲಿ ಮೊದಲು ಅಚ್ಚಾದದ್ದು, ಎಂಟುನೂರು ಪುಟ ದಾಟಿದ ಪುಸ್ತಕ. ಮನೆಗೆ ಕೊಡ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ಸಂಜೆ ಅಟೆಂಡರ್ ಬಂದು ದೀಪ ಆರಿಸೋ ತನಕ ಏಳ್ತಿರಲಿಲ್ಲ ನಾನು. ಅಲ್ಲಿಯವರೆಗೆ ಭೂಗೋಳ ಅಂದ್ರೆ ನನಗೆ ಪಟ್ಟಿ. ಮ್ಯಾಂಗನೀಸ್ ಎಲ್ಲಿ, ಸೆಣಬು ಎಲ್ಲಿ, ಯಾವ ಬಂದರಿನಿಂದ ಏನು ಹಡಗು ಹತ್ತುತ್ತೆ. ಈ ಪುಸ್ತಕದಲ್ಲಿ ನೆಲಕ್ಕೆ ಒಂದು ಮುಖ ಇತ್ತು. ಮಣ್ಣು, ಮಳೆ, ಹಳ್ಳಿಮನೆಯ ಗೋಡೆ, ರೈಲುದಾರಿ, ರಾಜರ ಜಗಳ, ಎಲ್ಲ ಒಟ್ಟಿಗೆ ಬರೋದು. ಬರೆದವರಿಗೆ ತಮ್ಮದೇ ಅಭಿಪ್ರಾಯ ಇತ್ತು, ನಗು ಇತ್ತು, ಕಾವ್ಯ ಓದಿ ಪಳಗಿದ ಕಿವಿ ಇತ್ತು. ಒಂದು ತಿಂಗಳಾದ ಮೇಲೆ ರಜೆಗೆ ಊರಿಗೆ ಹೋದೆ. ಹುಟ್ಟಿದಾಗಿನಿಂದ ನೋಡಿದ ಅದೇ ಬಯಲು, ಅದೇ ಕುರುಚಲು ಗುಡ್ಡ. ಆದರೆ ಬಸ್ಸಿನ ಕಿಟಕಿಯಿಂದ ಕಣ್ಣು ತೆಗೆಯೋಕೆ ಆಗಲಿಲ್ಲ. ಪಾಠ ಹೇಳಿದವರನ್ನ ಕಣ್ಣಾರೆ ಕಂಡೇ ಇರಬೇಕು ಅಂತ ನನಗೆ ಅವತ್ತಿಂದ ಅನ್ನಿಸಿಲ್ಲ.

ಶಿಷ್ಯೆ: ನನಗೆ ಅವರು ಸಿಕ್ಕಿದ್ದು ಬೇರೆ ಬಾಗಿಲಿಂದ. ಯೂನಿವರ್ಸಿಟಿ ಲೈಬ್ರರಿಯಲ್ಲಿ ಪೆಸಿಫಿಕ್ ಸಾಗರದ ಚರಿತ್ರೆಯ ಮೂರು ದಪ್ಪ ಸಂಪುಟ ಇತ್ತು, ಲೇಖಕರ ಹೆಸರು ಸ್ಪೇಟ್. ಯಾರೋ ಇತಿಹಾಸಕಾರರು ಅಂದ್ಕೊಂಡೆ. ಹಡಗು, ಬೆಳ್ಳಿ, ಮನಿಲಾ, ಮೆಜೆಲ್ಲನ್ ಬಗ್ಗೆ ಬರೆದವರೂ ನಿಮ್ಮ ಸಂಭಾವ್ಯತಾವಾದದವರೂ ಒಬ್ಬರೇ ಅಂತ ತಿಳಿಯೋಕೆ ಒಂದು ವಾರ ಬೇಕಾಯ್ತು.

ಮೇಷ್ಟ್ರು: ಅವರು ಹಾಗೇ. ಎಲ್ಲಿದ್ದಾರೋ ಅಲ್ಲಿಯ ನೆಲವನ್ನೇ ಓದೋದು. ಹುಟ್ಟಿದ್ದು 1911ರಲ್ಲಿ, ಲಂಡನ್ನಿನಲ್ಲಿ. ತಂದೆ ಜರ್ಮನ್. ಹುಡುಗನಿಗೆ ಮೂರು ವರ್ಷ ಆದಾಗ ಆ ಎರಡು ದೇಶಗಳೂ ಯುದ್ಧಕ್ಕೆ ನಿಂತವು. ಓಸ್ಕರ್ ಹರ್ಮನ್ ಕ್ರಿಶ್ಚಿಯನ್ ಸ್ಪೇಟ್ ಅನ್ನೋ ಹೆಸರು ಹೊತ್ಕೊಂಡು ಆ ಕಾಲದ ಇಂಗ್ಲೆಂಡಿನಲ್ಲಿ ಬೆಳೆಯೋದು ಅಂದ್ರೆ ಹೇಗಿದ್ದಿರಬೇಕು, ಯೋಚನೆ ಮಾಡು. ಕೇಂಬ್ರಿಡ್ಜಿನಲ್ಲಿ ಓದು ಮುಗಿಸಿ 1937ರಲ್ಲಿ ರಂಗೂನ್ ಯೂನಿವರ್ಸಿಟಿಗೆ ಪಾಠ ಹೇಳೋಕೆ ಬಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟಿಷರು ಬರ್ಮಾವನ್ನ ಇಂಡಿಯಾದ ಆಡಳಿತದಿಂದ ಬೇರೆ ಮಾಡಿದ್ರು. ಬಂದಿಳಿದ ಊರಲ್ಲೂ ಹೊಸ ಗಡಿ.

ಶಿಷ್ಯೆ: ರಂಗೂನ್ ಅಂದ್ರೆ ಆಗ ಅರ್ಧಕ್ಕೂ ಹೆಚ್ಚು ನಮ್ಮವರೇ ಇದ್ದ ಊರಲ್ವಾ?

ಮೇಷ್ಟ್ರು: ಹೌದು. ತೆಲುಗರು, ತಮಿಳರು, ಬಂಗಾಳಿಗಳು, ಚೆಟ್ಟಿಯಾರರು. ಆ ನಗರದ ಬಗ್ಗೆ ಅವರದೊಂದು ಲೇಖನವೇ ಇದೆ. ಆದರೆ ಅದು ಅಚ್ಚಾಗೋ ಹೊತ್ತಿಗೆ ಅವರು ಬರೆದ ರಂಗೂನ್ ಉಳಿದಿರಲಿಲ್ಲ. 1941ರ ಡಿಸೆಂಬರ್ 23ಕ್ಕೆ ಜಪಾನಿನ ವಿಮಾನಗಳು ಬಾಂಬ್ ಹಾಕಿದವು. ಆ ದಾಳಿಗಳಲ್ಲಿ ಅವರಿಗೂ ಗಾಯ ಆಯ್ತು. ಇಂಡಿಯಾಕ್ಕೆ ಸಾಗಿಸಿದ್ರು. ಲಕ್ಷಾಂತರ ಭಾರತೀಯರು ಅದೇ ತಿಂಗಳುಗಳಲ್ಲಿ ಕಾಡು ಬೆಟ್ಟ ದಾಟಿ ನಡೆದು ಬಂದರು, ದಾರಿಯಲ್ಲೇ ಎಷ್ಟೋ ಜನ ಸತ್ತರು. ಸ್ಪೇಟ್‌ಗೆ ಆಮೇಲೆ ಯುದ್ಧ ಮುಗಿಯೋ ತನಕ ಸೇನೆಗೆ ಭೂವಿವರ ಸಿದ್ಧ ಮಾಡೋ ವಿಭಾಗದಲ್ಲಿ ಕೆಲಸ. ಈ ದೇಶದ ಪರಿಚಯ ಅವರಿಗೆ ಹೀಗೆ ಆದದ್ದು, ಗಾಯಾಳುವಾಗಿ. ಪ್ರವಾಸಿಯಾಗಿ ಬಂದವರಲ್ಲ.

ಶಿಷ್ಯೆ: 1947ರಲ್ಲಿ ಅವರು ಲಾಹೋರಿನಲ್ಲಿ ಇದ್ದರು ಅಂತ ಓದಿ ನನಗೆ ಮೈ ಜುಂ ಅಂತು. ದೇಶ ಇಬ್ಭಾಗ ಆಗೋವಾಗ ಪಂಜಾಬಿನ ಗಡಿ ಆಯೋಗದ ಎದುರು ನಕ್ಷೆ ಹಿಡಿದು ವಾದಿಸಿದ ಪಕ್ಷವೊಂದರ ಕಡೆ ಅವರಿದ್ದರು.

ಮೇಷ್ಟ್ರು: ಅಹಮದಿಯಾ ಸಮುದಾಯದವರು ಕರೆಸಿಕೊಂಡಿದ್ದರು, ಭೂಗೋಳದ ಸಲಹೆಗಾರ ಅಂತ. ಅವರ ಮೂಲ ಊರು ಖಾದಿಯಾನ್. ಅದು ಇದ್ದದ್ದು ಗುರುದಾಸಪುರ ಜಿಲ್ಲೆಯ ಬಟಾಲಾ ತಹಸೀಲಿನಲ್ಲಿ. ಇಡೀ ಜಿಲ್ಲೆಯಲ್ಲಿ ಮುಸ್ಲಿಮರ ಸಂಖ್ಯೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ ಖಾದಿಯಾನ್ ಪಾಕಿಸ್ತಾನಕ್ಕೆ ಸೇರಬೇಕು ಅಂತ ಅವರ ವಾದ.

ಶಿಷ್ಯೆ: ಅಂದ್ರೆ ಸ್ಪೇಟ್ ಒಂದು ಪಕ್ಷ ಹಿಡಿದು ನಿಂತವರು. ನಿಮಗೆ ಅದು ಕಸಿವಿಸಿ ಅನ್ನಿಸೋದಿಲ್ವಾ ಸರ್?

ಮೇಷ್ಟ್ರು: ಮೊದಲು ಅನ್ನಿಸ್ತು. ನಮ್ಮ ದೇಶದ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದವರು ಆ ಕಡೆ ಕೂತಿದ್ದರಾ ಅಂತ. ಆದರೆ ಅವರು ಅದನ್ನ ಮುಚ್ಚಿಡಲಿಲ್ಲ, ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲೂ ಅದಕ್ಕೆ ಜಾಗ ಕೊಟ್ಟರು. ಆಮೇಲೆ ನೋಡು, ಆ ಆಯೋಗದ ಕೆಲಸ ನಡೆದ ರೀತಿ. ರ‍್ಯಾಡ್‌ಕ್ಲಿಫ್ ಇಂಡಿಯಾಕ್ಕೆ ಕಾಲಿಟ್ಟದ್ದು ಜುಲೈ 8ಕ್ಕೆ, ಅದೂ ಜೀವನದಲ್ಲಿ ಮೊದಲ ಸಲ. ಪಂಜಾಬ್, ಬಂಗಾಳ ಎರಡೂ ಗಡಿ ಆಯೋಗಕ್ಕೆ ಅವರೊಬ್ಬರೇ ಅಧ್ಯಕ್ಷರು. ಕೈಯಲ್ಲಿ ಐದೇ ವಾರ. ಲಾಹೋರಿನ ಬಹಿರಂಗ ವಿಚಾರಣೆಗೆ ಅವರು ಬರಲೇ ಇಲ್ಲ, ವಾದಗಳನ್ನ ಬರಹದಲ್ಲಿ ಕಳಿಸ್ತಿದ್ದರು. ತೀರ್ಪು ಹೊರಬಿದ್ದದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ. ಗುರುದಾಸಪುರದ ನಾಲ್ಕು ತಹಸೀಲಿನಲ್ಲಿ ಮೂರು ಇಂಡಿಯಾಕ್ಕೆ ಬಂತು, ಶಕರ್‌ಗಢ ಒಂದು ಆ ಕಡೆಗೆ. ಖಾದಿಯಾನ್ ಇಲ್ಲೇ ಉಳೀತು. ಅಲ್ಲಿಯ ಬಹುಪಾಲು ಜನ ಮನೆ ಬಿಟ್ಟು ಗಡಿ ದಾಟಿ ಹೋಗಿ, ಪಾಕಿಸ್ತಾನದಲ್ಲಿ ರಬ್ವಾ ಅಂತ ಹೊಸ ಊರು ಕಟ್ಟಿಕೊಂಡರು.

ಶಿಷ್ಯೆ: ಕಾಲುವೆಗಳು?

ಮೇಷ್ಟ್ರು: ಅದೇ ನನ್ನ ಹೊಟ್ಟೆಯಲ್ಲಿ ಸಂಕಟ ಆಗೋ ಭಾಗ. ರಾವಿಯ ಮಾಧೋಪುರ, ಸಟ್ಲೆಜ್‌ನ ಫಿರೋಜ್‌ಪುರ, ಈ ಎರಡು ಕಡೆ ಕಾಲುವೆಗಳ ತಲೆಬಾಗಿಲು ಈ ಕಡೆ ಉಳಿದವು. ಅವುಗಳ ನೀರು ಕುಡಿಯೋ ಹೊಲ ಆ ಕಡೆ. 1948ರ ಏಪ್ರಿಲ್ 1ಕ್ಕೆ ನೀರು ನಿಂತೇಬಿಡ್ತು. ಸಿಂಧೂ ಒಪ್ಪಂದ ಆಗೋಕೆ 1960ರ ತನಕ ಕಾಯಬೇಕಾಯ್ತು. ಆ ಗೆರೆ ಹೊಲವನ್ನೂ ಅದರ ನೀರನ್ನೂ ಬೇರೆ ಬೇರೆ ಮಾಡಿಬಿಡ್ತು. ಆ ವಿಚಾರಣೆಯ ಹತ್ತಿರ ಕೂತು ಬಂದ ಮನುಷ್ಯ ಏಳು ವರ್ಷ ಆದ ಮೇಲೆ ‘ಇಂಡಿಯಾ ಅಂಡ್ ಪಾಕಿಸ್ತಾನ್’ ಅಂತ ಒಂದೇ ಪುಸ್ತಕ ಪ್ರಕಟಿಸಿದ್ರು. ಆ ‘ಅಂಡ್’ ಇದೆಯಲ್ಲ, ಅದರ ಮೇಲೆ ನಾನು ಒಂದು ಪಾಠವನ್ನೇ ಮಾಡಬಹುದಿತ್ತು. ಮಾಡಲಿಲ್ಲ.

ಶಿಷ್ಯೆ: ಈಗ ಮಾಡ್ತಿದ್ದೀರಲ್ಲ.

ಮೇಷ್ಟ್ರು: ಇನ್ನೊಂದು ವಿಷಯ, ಇದು ನಮ್ಮ ಕಡೆಯದೇ. ಆ ಪಂಜಾಬ್ ಆಯೋಗದಲ್ಲಿ ನಾಲ್ಕು ಜನ ನ್ಯಾಯಾಧೀಶರಿದ್ದರು. ಅವರಲ್ಲಿ ಒಬ್ಬರು ಮೆಹರ್ ಚಂದ್ ಮಹಾಜನ್.

ಶಿಷ್ಯೆ: ಬೆಳಗಾವಿಯ ಮಹಾಜನ್ ವರದಿ? ಅದೇ ಮಹಾಜನ್?

ಮೇಷ್ಟ್ರು: ಅದೇ ಮಹಾಜನ್. ನಡುವೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ರು. 1966ರಲ್ಲಿ ನಮ್ಮ ಗಡಿ ಆಯೋಗಕ್ಕೆ ನೇಮಕ ಆಯ್ತು, ಮರುವರ್ಷ ವರದಿ ಕೊಟ್ಟರು. ಬೆಳಗಾವಿ ಮೈಸೂರಿನಲ್ಲೇ ಇರಲಿ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಲಿ ಅಂತ. ಕಾಸರಗೋಡು ಬರಲಿಲ್ಲ, ಅದು ಬೇರೆ ಕಥೆ. ಲಾಹೋರಿನಲ್ಲಿ ಸ್ಪೇಟ್ ತಯಾರಿಸಿದ ನಕ್ಷೆಗಳು ಯಾವ ಆಯೋಗದ ಮುಂದೆ ಹೋದವೋ ಅದರ ಒಬ್ಬ ಸದಸ್ಯರು ಇಪ್ಪತ್ತು ವರ್ಷದ ಮೇಲೆ ನಮ್ಮ ಊರುಗಳ ನಕ್ಷೆ ಹರಡಿಕೊಂಡು ಕೂತರು. ಇದು ನನಗೆ ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಶಿಷ್ಯೆ: ನಾನೂ ಅಂಥದೊಂದು ತಂದಿದ್ದೀನಿ, ಕೇಳಿ. ಕ್ಯಾನ್‌ಬೆರಾ ನಗರಕ್ಕೆ ನಕ್ಷೆ ಹಾಕಿದವರು ವಾಲ್ಟರ್ ಬರ್ಲಿ ಗ್ರಿಫಿನ್, ಅಮೆರಿಕದವರು. ಊರ ಮಧ್ಯದ ಕೆರೆಗೆ ಅವರದೇ ಹೆಸರು. ನಾನು ದಿನಾ ಅದರ ದಂಡೆ ಮೇಲೆ ಓಡಾಡ್ತೀನಿ. ಅವರು ತೀರಿಕೊಂಡಿದ್ದು ಎಲ್ಲಿ ಗೊತ್ತಾ? ಲಖನೌದಲ್ಲಿ. ಯೂನಿವರ್ಸಿಟಿ ಲೈಬ್ರರಿ ಕಟ್ಟಡದ ಕೆಲಸಕ್ಕೆ ಅಂತ ಬಂದವರು, 1937ರ ಫೆಬ್ರವರಿಯಲ್ಲಿ ಅಲ್ಲೇ ಹೋದರು. ಸ್ಪೇಟ್ ರಂಗೂನಿಗೆ ಬಂದ ವರ್ಷ ಅದು.

ಮೇಷ್ಟ್ರು: ಇದು ನನಗೆ ಗೊತ್ತಿರಲಿಲ್ಲ! ಸ್ಪೇಟ್ ಇನಾಯತ್ ಅಹಮದ್ ಜೊತೆ ಗಂಗಾ ಬಯಲಿನ ಐದು ನಗರಗಳ ಬಗ್ಗೆ ಬರೆದಿದ್ದಾರೆ, 1950ರಲ್ಲಿ. ಕಾನ್ಪುರ, ಆಗ್ರಾ, ಬನಾರಸ್, ಅಲಹಾಬಾದ್, ಲಖನೌ. ಗ್ರಿಫಿನ್ ಕಣ್ಣು ಮುಚ್ಚಿದ ಊರಿನ ಬಗ್ಗೆ ಬರೆದ ಮರುವರ್ಷವೇ ಗ್ರಿಫಿನ್ ಕಟ್ಟಿದ ಊರಿಗೆ ಹೋಗಿ ನೆಲೆಸಿದ್ರು ನೋಡು.

ಶಿಷ್ಯೆ: 1951. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಆಗ ಹುಟ್ಟಿ ಐದು ವರ್ಷ. ಭೂಗೋಳ ವಿಭಾಗಕ್ಕೆ ಅವರೇ ಮೊದಲ ಪ್ರೊಫೆಸರ್. ಈಗ ನಾವು ಓಡಾಡೋ ಕೆರೆ ಕೂಡ ಆಗ ತುಂಬಿರಲಿಲ್ಲ, ಬರೀ ನಕ್ಷೆಯಲ್ಲಿತ್ತು. ನಲವತ್ತನೇ ವಯಸ್ಸಿಗೆ ಸಂಸಾರ, ಪುಸ್ತಕ ಕಟ್ಟಿಕೊಂಡು ಅಲ್ಲಿಗೆ ಬರೋಕೆ ಧೈರ್ಯ ಬೇಕಿತ್ತು. ನಾನು ಹೋದ ಮೊದಲ ಚಳಿಗಾಲದಲ್ಲಿ ಅತ್ತಿದ್ದೀನಿ ಸರ್. ಜೂನ್ ತಿಂಗಳಲ್ಲಿ ನಮ್ಮ ಕಡೆ ಮಳೆ ಬರ್ತಿರುತ್ತೆ, ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತೆ. ಮರ ಕಂಡ್ರೆ ಹೆಸರು ಗೊತ್ತಿಲ್ಲ, ಹಕ್ಕಿ ಕೂಗಿದ್ರೆ ಯಾವುದು ಅಂತ ಗೊತ್ತಿಲ್ಲ. ಅವರ ಪುಸ್ತಕ ಓದಿದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಇವತ್ತು ಗಾಳಿ ಯಾವ ಕಡೆಯಿಂದ, ಯಾವ ಮರ ತೊಗಟೆ ಬಿಡ್ತಿದೆ, ನೀರು ಯಾವ ಕಡೆ ಹರಿಯುತ್ತೆ. ಹಾಗೆ ಬರೀತಾ ಬರೀತಾ ಅಳು ನಿಂತಿತು.

ಮೇಷ್ಟ್ರು: ಬಹಳ ಒಳ್ಳೇ ಕೆಲಸ ಮಾಡಿದೆ ಕಣಮ್ಮ.

ಶಿಷ್ಯೆ: ಈಗ ಆ ಒಂದು ಸಾಲನ್ನ ಬಿಡಿಸಿ ಹೇಳಿ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥ ಆಗಿರಲಿಲ್ಲ.

ಮೇಷ್ಟ್ರು: ಹಳಬರು, ರಾಟ್ಜೆಲ್ ಪರಂಪರೆಯವರು, ನೆಲವೇ ಮನುಷ್ಯನನ್ನ ರೂಪಿಸುತ್ತೆ ಅಂದ್ರು. ಎಲ್ಸ್‌ವರ್ತ್ ಹಂಟಿಂಗ್ಟನ್ ಅಂತೂ ಹವೆಯಿಂದಲೇ ನಾಗರಿಕತೆ ಅಳೆದುಬಿಟ್ಟರು. ನಮ್ಮಂಥ ಬಿಸಿಲು ನಾಡಿನವರನ್ನ ಅದರಲ್ಲಿ ಎಲ್ಲಿ ಕೂರಿಸಿದ್ರು ಅಂತ ನಿನಗೆ ಗೊತ್ತು. ಫ್ರೆಂಚರು ಅದಕ್ಕೆ ಎದುರಾಗಿ, ನೆಲ ಸಾಧ್ಯತೆಗಳನ್ನ ಮುಂದಿಡುತ್ತೆ, ಆರಿಸಿಕೊಳ್ಳೋನು ಮನುಷ್ಯ ಅಂದ್ರು. ಗ್ರಿಫಿತ್ ಟೇಲರ್, ಅವರೂ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋದವರೇ, ಮನುಷ್ಯ ಟ್ರಾಫಿಕ್ ಪೊಲೀಸ್ ಇದ್ದ ಹಾಗೆ, ವೇಗ ಹೆಚ್ಚು ಕಮ್ಮಿ ಮಾಡಬಹುದು, ದಾರಿ ಬದಲಿಸೋಕಾಗಲ್ಲ ಅಂದ್ರು. ಸ್ಪೇಟ್ ಕೇಳಿದ್ದು ಸರಳವಾದ ಪ್ರಶ್ನೆ. ಸಾಧ್ಯತೆಗಳು ಇವೆ, ಸರಿ, ಅವೆಲ್ಲ ಒಂದೇ ತೂಕದವಾ?

ಶಿಷ್ಯೆ: ಅಲ್ಲ.

ಮೇಷ್ಟ್ರು: ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ನಮ್ಮ ಚಳ್ಳಕೆರೆಯಲ್ಲಿ 500ರ ಆಸುಪಾಸು. ನೇರ ಗೆರೆ ಎಳೆದರೆ ಎರಡಕ್ಕೂ ನಡುವೆ 200 ಕಿಲೋಮೀಟರ್ ಇಲ್ಲ. ಆಗುಂಬೆಯವನು ಶೇಂಗಾ ಬಿತ್ತಬಾರದು ಅಂತ ಯಾರೂ ಕಾನೂನು ಮಾಡಿಲ್ಲ, ಆದರೆ ಬಿತ್ತೋದಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಹುಟ್ಟಲೇಬೇಕು ಅಂತ ಬ್ರಹ್ಮ ಬರೆದಿರಲಿಲ್ಲ, ಆದರೆ ಹುಟ್ಟಿದವು. ನೆಲ ಆಜ್ಞೆ ಮಾಡೋದಿಲ್ಲ, ಸುಮ್ಮನೆ ಕೂತೂ ಇರೋದಿಲ್ಲ. ತಕ್ಕಡಿಯ ಒಂದು ತಟ್ಟೆಗೆ ಒಂದಿಷ್ಟು ತೂಕ ಹಾಕಿರುತ್ತೆ. ಇನ್ನೊಂದು ತಟ್ಟೆಗೆ ಮನುಷ್ಯ ಏನು ಹಾಕ್ತಾನೆ, ಎಷ್ಟು ಹಾಕ್ತಾನೆ ಅನ್ನೋದು ಚರಿತ್ರೆ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ಹಾಗೆ. ಮಳೆ ಕಮ್ಮಿ ಅಂತ ಕೆರೆ ತಾನಾಗಿ ಬರಲಿಲ್ಲ. ಮಳೆ ಕಮ್ಮಿ ಇರೋ ಕಡೆ, ಸಣ್ಣ ಇಳಿಜಾರು ಇರೋ ಕಡೆ, ಏರಿ ಹಾಕೋ ಯೋಚನೆ ಬರೋ ಸಂಭವ ಹೆಚ್ಚು. ಅದರ ಜೊತೆಗೆ ಮಣ್ಣು ಹೊರೋ ಜನ, ಹೊರಿಸೋ ಪಾಳೆಯಗಾರ, ಹೂಳು ಎತ್ತೋ ಕಟ್ಟಳೆ ಇಷ್ಟೂ ಸೇರಬೇಕು.

ಶಿಷ್ಯೆ: ಈಗ ಹೊಳಲ್ಕೆರೆ ಕಡೆ ಬರೀ ಅಡಿಕೆ ತೋಟ. ಬರೋವಾಗ ನೋಡಿದೆ.

ಮೇಷ್ಟ್ರು: ಅದೂ ಸಾಧ್ಯ ಆಯ್ತು ನೋಡು. ಬೋರ್‌ವೆಲ್ ಬಂತು, ಕರೆಂಟು ಬಂತು, ಅಡಿಕೆಗೆ ರೇಟು ಬಂತು. ಆದರೆ ನೆಲ ಹಾಕಿದ ತೂಕ ಹಾಗೇ ಇದೆ. ವರ್ಷ ವರ್ಷ ಬೋರು ಇನ್ನೂ ಕೆಳಕ್ಕೆ ಇಳೀತಾ ಇದೆ, ಬೇಸಿಗೆಯಲ್ಲಿ ಟ್ಯಾಂಕರ್ ತಂದು ಗಿಡಕ್ಕೆ ನೀರು ಹೊಯ್ಯೋರಿದ್ದಾರೆ. ಸಾಧ್ಯ ಅನ್ನೋದಕ್ಕೂ ಸಂಭವ ಅನ್ನೋದಕ್ಕೂ ನಡುವಿನ ಸಾಲ ಅದು, ರೈತ ತೀರಿಸ್ತಿದ್ದಾನೆ. ಇದನ್ನ ನಾನು ಕ್ಲಾಸಿನಲ್ಲಿ ಹೀಗೆ ಹೇಳಿದ್ದಿದ್ರೆ ನಿಮ್ಮಲ್ಲಿ ಎಷ್ಟು ಜನ ರೈತರ ಮಕ್ಕಳು ಕಿವಿಗೊಡ್ತಿದ್ರಿ! ಉದಾಹರಣೆಗೆ ನಾನು ಕೊಟ್ಟದ್ದು ಸಹಾರಾ ಮರುಭೂಮಿ.

ಶಿಷ್ಯೆ: ‘ಇಂಡಿಯಾ ಅಂಡ್ ಪಾಕಿಸ್ತಾನ್’ ಪುಸ್ತಕದ ಆಮೇಲಿನ ಮುದ್ರಣದಲ್ಲಿ ಇನ್ನೊಂದು ಹೆಸರು ಇದೆ, ಲಿಯರ್‌ಮಂತ್.

ಮೇಷ್ಟ್ರು: ಆಂಡ್ರ್ಯೂ ಲಿಯರ್‌ಮಂತ್. 1967ರ ಮುದ್ರಣ ಇಬ್ಬರದೂ. ಲಿಯರ್‌ಮಂತ್ ನಮಗೆ ಇನ್ನೂ ಹತ್ತಿರದವರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೆಲಸವಾಗಿ ಅವರೂ ನಮ್ಮ ಎಲ್.ಎಸ್. ಭಟ್ಟರೂ ಸೇರಿ ಮೈಸೂರು ರಾಜ್ಯದ ಸಂಪನ್ಮೂಲಗಳ ಅಟ್ಲಾಸ್ ಮಾಡಿದ್ರು, 1960ರ ಆಸುಪಾಸಿನಲ್ಲಿ. ರಾಜ್ಯ ಒಂದಾಗಿ ಆಗಿನ್ನೂ ನಾಲ್ಕೈದು ವರ್ಷ. ಬೀದರಿನಿಂದ ಚಾಮರಾಜನಗರದ ತನಕ ಒಂದೇ ಹಾಳೆಯ ಮೇಲೆ ಮಳೆ, ಮಣ್ಣು, ಬೆಳೆ ಬಿಡಿಸಿದ್ದನ್ನ ನಾನು ಮೊದಲು ನೋಡಿದ್ದು ಅದರಲ್ಲೇ. ಏಕೀಕರಣ ಅಂದ್ರೆ ಭಾಷಣ ಕೇಳಿದ್ದೆ, ಮೆರವಣಿಗೆ ನೋಡಿದ್ದೆ. ಆ ಹಾಳೆಗಳನ್ನ ನೋಡಿದಾಗ ಗಂಟಲು ಕಟ್ಟಿಕೊಂಡಿತು.

ಶಿಷ್ಯೆ: ಸ್ಪೇಟ್ ಅಷ್ಟು ಹೊತ್ತಿಗೆ ದ್ವೀಪಗಳ ಕಡೆ ಹೊರಟುಬಿಟ್ಟಿದ್ದರು. 1959ರಲ್ಲಿ ಫಿಜಿಯ ಜನರ ಆರ್ಥಿಕ ಸ್ಥಿತಿ ಬಗ್ಗೆ ವರದಿ ಕೊಟ್ಟರು. ಆಮೇಲೆ ಪಾಪುವಾ ನ್ಯೂಗಿನಿಯಲ್ಲಿ ಯೂನಿವರ್ಸಿಟಿ ಬೇಕು ಅಂತ ಹೇಳಿದ ಮೂವರ ಆಯೋಗದಲ್ಲೂ ಇದ್ದರು. ಅಲ್ಲಿ ಯೂನಿವರ್ಸಿಟಿ ಬಂತು.

ಮೇಷ್ಟ್ರು: ಗೆರೆ ಎಳೆಯೋ ಆಯೋಗದಿಂದ ಶುರುವಾದವರು ಬಾಗಿಲು ತೆರೆಯೋ ಆಯೋಗಕ್ಕೆ ಬಂದರು. ಒಳ್ಳೇದಾಯ್ತು.

ಶಿಷ್ಯೆ: ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಆ ಮೂರು ಸಂಪುಟ ಸರ್. ಮೊದಲನೇದು 1979ರಲ್ಲಿ, ಕೊನೇದು 1988ರಲ್ಲಿ. ಮೊದಲನೇದಕ್ಕೆ 68 ವಯಸ್ಸು, ಮೂರನೇದಕ್ಕೆ 77. ಆ ವಯಸ್ಸಿನಲ್ಲಿ ಭೂಗೋಳ ಬಿಟ್ಟು ಚರಿತ್ರೆ ಬರೆದರು. ಸಮುದ್ರ ಕಾಣದ ಊರಲ್ಲಿ ಕೂತು ಇಡೀ ಪೆಸಿಫಿಕ್ ಬರೆದರು. ಆ ಸಾಗರ ಮೊದಲಿಂದ ಒಂದಾಗಿ ಇರಲಿಲ್ಲ, ದ್ವೀಪದವರು ತಮ್ಮ ತಮ್ಮ ಸಮುದ್ರಗಳನ್ನ ಚೆನ್ನಾಗಿ ಬಲ್ಲವರಾಗಿದ್ರು, ಆದರೆ ಇದೆಲ್ಲ ಸೇರಿ ಒಂದು ಪೆಸಿಫಿಕ್ ಅನ್ನೋ ಕಲ್ಪನೆಯನ್ನ ಕಟ್ಟಿದ್ದು ಹೊರಗಿಂದ ಬಂದ ಹಡಗುಗಳು ಅನ್ನೋದು ಅವರ ವಾದ. ನನಗೆ ಅದನ್ನ ಓದುವಾಗ ‘ಕರ್ನಾಟಕ’ ಅನ್ನೋದೂ ನೆನಪಾಯ್ತು. ನಮ್ಮಲ್ಲಿ ಕಟ್ಟಿದವರು ಹೊರಗಿನವರಲ್ಲ, ಅದೊಂದು ವ್ಯತ್ಯಾಸ.

ಮೇಷ್ಟ್ರು: ಅವರು ಹೋದದ್ದು ಯಾವಾಗ?

ಶಿಷ್ಯೆ: 2000ದಲ್ಲಿ. 89 ಆಗಿತ್ತು.

ಮೇಷ್ಟ್ರು: 2000... ಆ ವರ್ಷ ನಾನು ಕಾಲೇಜಿನಲ್ಲೇ ಇದ್ದೆ. ಅದೇ ಸಾಲು ಬರೆಸ್ತಾ ಇದ್ದೆ. ಅವರು ಬದುಕಿದ್ದಾರೆ, ಒಂದು ಕಾಗದ ಹಾಕಿದ್ರೆ ತಲುಪುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ಪುಸ್ತಕ ಬರೆದವರು ಎಲ್ಲೋ ಇನ್ನೂ ಕಾಫಿ ಕುಡೀತಾ ಕೂತಿರಬಹುದು ಅಂತ ನಮಗೆ ಅನ್ನಿಸೋದೇ ಇಲ್ಲ. ಬರೆದಿದ್ರೆ ಏನು ಬರೀತಿದ್ದೆ? ಚಳ್ಳಕೆರೆ ತಾಲ್ಲೂಕಿನ ಒಬ್ಬ ಹುಡುಗ ನಿಮ್ಮ ಪುಸ್ತಕ ಓದಿ ತನ್ನ ಊರನ್ನ ಮೊದಲ ಸಲ ನೋಡಿದ ಅಂತ.

ಶಿಷ್ಯೆ: ಸರ್, ನಾನು ಇನ್ನೂ ಮೂರು ವಾರ ಇರ್ತೀನಿ. ಮಳೆ ಹಿಡಿದಿದೆ. ಆಗುಂಬೆಯಿಂದ ಚಳ್ಳಕೆರೆಗೆ ನಾವಿಬ್ಬರೂ ಹೋಗಿ ಬರೋಣ. ತೀರ್ಥಹಳ್ಳಿ, ಶಿವಮೊಗ್ಗ, ಹೊಳಲ್ಕೆರೆ, ಚಿತ್ರದುರ್ಗ. ಎಲ್ಲಿ ಹೆಂಚು ಮುಗೀತು, ಎಲ್ಲಿ ಮಾಳಿಗೆ ಮನೆ ಶುರುವಾಯ್ತು, ಎಲ್ಲಿ ಮಣ್ಣಿನ ಬಣ್ಣ ಬದಲಾಯ್ತು ಅಂತ ಬರೀತಾ ಹೋಗೋಣ. ನೀವು ನಮ್ಮ ಬ್ಯಾಚನ್ನ ಒಂದು ಸಲವೂ ಹೊರಗೆ ಕರ್ಕೊಂಡು ಹೋಗಲಿಲ್ಲ.

ಮೇಷ್ಟ್ರು: ಈ ಮಂಡಿ ಇಟ್ಕೊಂಡು?

ಶಿಷ್ಯೆ: ಕಾರು ಮಾಡೋಣ. ನೀವು ಮುಂದೆ ಕೂತ್ಕೊಳ್ಳಿ.

ಮೇಷ್ಟ್ರು: ಕಾರು ಬೇಡ, ಬಸ್ಸೇ ಆಗಲಿ. ಬಸ್ಸು ನಿಂತಲ್ಲೆಲ್ಲ ಜನ ಏನು ಹೊತ್ಕೊಂಡು ಹತ್ತುತಾರೆ ಅಂತ ನೋಡಬೇಕು. ಆಗುಂಬೆಯಿಂದ ಬೆಳಗಿನ ಬಸ್ಸು ಹಿಡಿದರೆ ಸಂಜೆ ಒಳಗೆ ಚಳ್ಳಕೆರೆ. ಒಳಗೆ ಬೀರುವಿನ ಪಕ್ಕ ನನ್ನ ಹಳೇ ಕೊಡೆ ಇದೆ, ಅದನ್ನ ತಗೊಂಡ್ರೆ ಸಾಕು. ಶಿವಮೊಗ್ಗ ದಾಟಿದ ಮೇಲೆ ಅದೂ ಬೇಕಾಗಲ್ಲ.

ಶಿಷ್ಯೆ: ಬೇಕಾಗುತ್ತೆ ಸರ್. ಚಳ್ಳಕೆರೆಯಲ್ಲಿ ಬಿಸಿಲಿಗೆ.